ಮೆಣಸಿನ ಪೇಟೆಯಲ್ಲಿ ಕಾದಂಬರಿ ಪಾಠ

ಬ್ಯಾಡಗಿ, ಬುಧವಾರ

ನೆರೆದ ಮಹಾಜನರೇ! ಅಂದರೆ ಅತ್ತಿಗೆ, ಅಣ್ಣ, ಮತ್ತು ಈ ಕಾರ್ಡನ್ನು ನಿಮಗಿಂತ ಮೊದಲೇ ಓದಿ ಮುಗಿಸಿದ ಪೋಸ್ಟ್‌ಮ್ಯಾನ್ ಮಹಾಶಯರೇ!

ಬೆಳೆಯುವ ನಗರವೊಂದನ್ನು ಕಟ್ಟಲು ದೂರದಿಂದ ಬಂದ ಕೂಲಿಕಾರರ ಕಾದಂಬರಿಯನ್ನು ಇಲ್ಲಿನ ಕಾಲೇಜಿನಲ್ಲಿ ಗರ್ಜಿಸಿ ಗರ್ಜಿಸಿ ಪಾಠ ಮಾಡುತ್ತಿದ್ದೇನೆ. ಬೆಂಚುಗಳು ಬಹಳ ಶ್ರದ್ಧೆಯಿಂದ ಕೇಳುತ್ತಿವೆ. ಮೆಣಸಿನಕಾಯಿ ಸುಗ್ಗಿ ನೋಡಿ, ವಿದ್ಯಾರ್ಥಿಗಳೆಲ್ಲ ಮಾರುಕಟ್ಟೆಗೆ ಹಮಾಲಿಗೆ ಹೋಗಿದ್ದಾರೆ. ಪ್ರಾಂಶುಪಾಲ ರುದ್ರಮುನಿಯವರಿಗೆ ಅದೇ ದುಃಖ: "ಈ ಹುಡುಗ್ರಿಗೆ ದುಡಿಯೋರ ಕಷ್ಟ ತಿಳಿಯಂಗಿಲ್ರೀ. ಹಾಜರಿ ಕಡಿಮಿ ಇದ್ದೋರನ್ನ ಪರೀಕ್ಷಾಕ್ಕ ಕುಂಡ್ರಸಂಗಿಲ್ಲ!" ಆಹಾ, ಎಂಥ ಕರುಣಾರಸ!

ಇಂದು ದಾರಿಯಲ್ಲಿ ನನ್ನ ವಿದ್ಯಾರ್ಥಿ ಮೈಲೇಶ ಸಿಕ್ಕಿದ. "ಪರೀಕ್ಷೆ ಬಿಟ್ಟೆಯೇನಪ್ಪಾ?" ಎಂದೆ.

"ಬಿಟ್ರ ಸಾಯೂತನಕ ಚೀಲಾನ ಹೊರಬೇಕ್ರೀ ಸರ. ವ್ಯಾಪಾರಿಗಳು ಟೆಂಡರ್ ಹಾಕಿ, ರೇಟು ಗೊತ್ತಾಗೂತನಕ ನಾವು ಖಾಲಿ ಕುಂತಿರ್ತೇವಿ. ನೀವ ಬರ್ರಲ್ಲ, ಅಲ್ಲೇ ಪಾಠ ಹೇಳ್ರಿ. ಖರೇ, ಸೀನು ಮಾತ್ರ ತಡಕೋಬೇಕ್ರೀ!"

ಹಿಂದೆ ನಾಟಕ ಕಂಪನಿಯಲ್ಲಿದ್ದಾಗ ಮೈಕಿಲ್ಲದೆ ಡೇರೆಯ ಕೊನೆಯ ಸಾಲು ಮುಟ್ಟುತ್ತಿದ್ದ ನನ್ನ ಗಂಟಲು ಈ ಊರಿನ ಘಾಟಿಗೆ ಕಪ್ಪೆಯಂತಾಗಿದೆ. ಅತ್ತಿಗೆ, ಜ್ಯೇಷ್ಠಮಧು ಬೇಗ ಕಳುಹಿಸಿ. ಕಾಲೇಜಿನ ಹೊರಗೆ ಹಾಜರಿ ತೆಗೆದುಕೊಳ್ಳಲು ಪ್ರಾಂಶುಪಾಲರು ಒಪ್ಪಿಲ್ಲ, ನಾನೂ ಕೇಳಿಲ್ಲ. ಕೇಳಿದರೆ ನನ್ನನ್ನೇ ಗೈರುಹಾಜರು ಮಾಡಿಯಾರು.

ಕಾರ್ಡು ತುಂಬಿತು. ನಾಳೆ ಬೆಳಗ್ಗೆ ನಿಮ್ಮ ಮೈದುನ ಮೂಗಿಗೆ ಒದ್ದೆ ಟವೆಲ್ಲು ಕಟ್ಟಿ, ಹಾಜರಿ ಪುಸ್ತಕ ಹಿಡಿದು, ಮೆಣಸಿನ ಚೀಲಗಳ ನಡುವೆ ನಿಂತು ಮೊದಲು ಮೈಲೇಶನ ಹೆಸರನ್ನೇ ಕೂಗುತ್ತಾನೆ.