ಆ ಖಾನೆ ಖಾಲಿ ಬಿಡಬೇಡಿ

ಬ್ಯಾಡಗಿ, ೨೧೮೭ನೇ ಇಸವಿ, ಶಾಲೆ ಶುರುವಾಗುವ ಹಿಂದಿನ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ದ್ಯಾಮವ್ವನವರಿಗೆ, ಶಾಲಾ ಶಿಕ್ಷಕಿ ನೀಲಗಂಗಾ ಮಾಡುವ ಶರಣು.

ಇನ್ನೂ ಹುಟ್ಟದವಳು ಕಾಗದ ಬರೆದಳೆಂದು ಗಾಬರಿಯಾಗಬೇಡಿ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದನ್ನು ನಿಮಗೆ ಓದಿ ಹೇಳುತ್ತಿರುವವಳು ಮಗಳು ಚೈತ್ರಾ ಎಂಬುದು ಗೊತ್ತು. ಚೈತ್ರಜ್ಜೀ, ಹನ್ನೊಂದು ವರ್ಷದ ನಿಮ್ಮನ್ನು ಅಜ್ಜಿ ಎನ್ನಲು ನಗು ಬರುತ್ತದೆ. ಆದರೂ ಸಾಲು ಹಾರಿಸಬೇಡಿ.

ನಮ್ಮಲ್ಲೀಗ ಕೂಡುಶಾಲೆ ಇದೆ. ಎಂದರೆ, ಊರಿನ ಎಲ್ಲ ಮಕ್ಕಳ ಹೆಸರನ್ನೂ ಒಂದೇ ಕೊಡದಲ್ಲಿ ಹಾಕಿ, ಚೀಟಿ ಎತ್ತಿ, ಯಾರು ಯಾವ ಶಾಲೆಗೆಂದು ತೀರ್ಮಾನಿಸುತ್ತೇವೆ. ತಹಶೀಲ್ದಾರರ ಮಗಳು ಎಲ್ಲಿಗೆ ಬೀಳುತ್ತಾಳೋ ಯಾರಿಗೂ ತಿಳಿಯದು, ಹಾಗಾಗಿ ಯಾವ ಶಾಲೆಯ ಸೂರೂ ಸೋರುವುದಿಲ್ಲ! ಈ ಸಲ ಅವಳ ಚೀಟಿ ಮೆಣಸಿನಕಾಯಿ ಮಾರುಕಟ್ಟೆಯ ಪಕ್ಕದ ನಮ್ಮ ಶಾಲೆಗೆ ಬಂದಿದೆ. ಮೊದಲ ವಾರವಿಡೀ ಸೀನುತ್ತಾಳೆ ಪಾಪ, ಆಮೇಲೆ ರೂಢಿಯಾಗುತ್ತದೆ.

ನಿಮ್ಮ ಕಾಲದ ಪ್ರವೇಶ ಅರ್ಜಿಯೊಂದು ನಮ್ಮ ತರಗತಿಯ ಗೋಡೆಯ ಮೇಲಿದೆ. ಅದರಲ್ಲಿ 'ಪಾಲಕರ ವಿದ್ಯಾರ್ಹತೆ' ಎಂಬ ಖಾನೆ. ಮಕ್ಕಳು ಪ್ರತಿವರ್ಷ ಕೇಳುತ್ತಾರೆ: "ಅಕ್ಕೋರ, ಸಾಲಿ ಕಲಿಯಾಕ ಹೊಂಟಿದ್ದು ಅವ್ವನೋ, ಮಗಳೋ?" ಆ ಖಾನೆಯನ್ನು ನಾವು ಈಗಿನ ಅರ್ಜಿಗಳಲ್ಲೂ ತಮಾಷೆಗೆಂದು ಉಳಿಸಿಕೊಂಡಿದ್ದೇವೆ, ಮಕ್ಕಳೇ ತುಂಬುತ್ತಾರೆ. "ನಮ್ಮಪ್ಪಗ ಸಿಳ್ಳೆ ಹೊಡೆಯಾಕ ಬರ್ತದ" ಎಂದು ಒಬ್ಬಳು. "ನಮ್ಮವ್ವ ಡಾಕ್ಟರ್, ಆದ್ರ ರೊಟ್ಟಿ ಬಡಿಯಾಕ ಬರಂಗಿಲ್ಲ" ಎಂದು ಇನ್ನೊಬ್ಬಳು.

ಇನ್ನು ವಿಷಯಕ್ಕೆ ಬರುತ್ತೇನೆ. ಒಬ್ಬರೇ ಮಾಸ್ತರು ಐದು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಚೈತ್ರಾ ಐದನೆಯದನ್ನು ಮುಗಿಸಿದ್ದಾಳೆ. ಮೆಣಸಿನಕಾಯಿ ತೊಟ್ಟು ಬಿಡಿಸಿ ಉರಿಯುವ ಕೈಯಲ್ಲಿ ಅರ್ಜಿ ಹಿಡಿದು ನೀವು ದೊಡ್ಡ ಶಾಲೆಯ ಗೇಟಿನ ಮುಂದೆ ನಿಂತಿದ್ದೀರಿ. ಮಗಳು ಆ ಖಾನೆಯನ್ನು ಓದಿ ಹೇಳಿದೊಡನೆ ಮುಖ ಸಪ್ಪಗಾಗಿ, "ನಮ್ಮಂಥೋರಿಗಲ್ಲ, ನಡಿಯವಾ" ಎಂದು ಅರ್ಜಿ ಮಡಚಿದ್ದೀರಿ. ದಯವಿಟ್ಟು ಹೋಗಬೇಡಿ.

ಅರ್ಜಿ ಬಿಚ್ಚಿ, ಆ ಖಾನೆಯಲ್ಲಿ ಮಗಳ ಕೈಯಿಂದ ಹೀಗೆ ಬರೆಸಿ: "ನಮ್ಮವ್ವಗ ಓದಾಕ ಬರಂಗಿಲ್ಲ. ಅದಕ್ಕ ನಾ ಬಂದಿನಿ." ಈ ಸಾಲು ಬಾಯಿಂದ ಬಾಯಿಗೆ ಹರಡಿ, ಅಂಥ ಖಾನೆ ಯಾಕೆ ಬೇಕೆಂದು ಊರೇ ಜಗಳಕ್ಕೆ ನಿಲ್ಲುತ್ತದೆ. ಕೂಡುಶಾಲೆ ಹುಟ್ಟಿದ್ದು ಆ ಜಗಳದಿಂದಲೇ. ನಮ್ಮ ಗೋಡೆಯ ಮೇಲಿರುವುದು ನಿಮ್ಮದೇ ಅರ್ಜಿ, ಮಡಚಿದ ಗೆರೆ ಇನ್ನೂ ಕಾಣುತ್ತದೆ.

ಚೈತ್ರಜ್ಜೀ, ಅವಸರದಲ್ಲಿ 'ಬಂದೀನಿ'ಯ ದೀರ್ಘ ಬಿಟ್ಟುಬಿಡುತ್ತೀರಿ. ತಿದ್ದಲು ಹೋಗಬೇಡಿ. ನಾಳೆ ಬೆಳಿಗ್ಗೆ ನಮ್ಮೂರಿನ ಒಂದೊಂದು ಮಗುವೂ ಶಾಲೆಯ ಹೊಸ್ತಿಲಲ್ಲಿ ನಿಂತು ನೀವು ಬರೆದ ಹಾಗೆಯೇ ಕೂಗುತ್ತದೆ: "ನಾ ಬಂದಿನಿ!"