ಸೋಮವಾರ ಇರದ ಊರು

ಕಂಪ್ಯೂಟರಿಗೆ ತಾನಾಗಿಯೇ ಇಳಿಯುವ ಅಪ್‌ಡೇಟ್ ಕಳಿಸುವ ಮಾನ್ಯ ಅಧಿಕಾರಿಗಳೇ,

ನಮ್ಮ ಊರು ಮಂಗಳವಾರದಿಂದ ಭಾನುವಾರದವರೆಗೆ ಇರುತ್ತದೆ. ಸೋಮವಾರ ಇರುವುದಿಲ್ಲ. ಇದಕ್ಕೆ ಕಾರಣ ತಾವು. ತಮ್ಮ ಹೆಸರು ನನಗೆ ಗೊತ್ತಿಲ್ಲ, ಬೆಂಗಳೂರಿನ ಯಾವ ಮಹಡಿಯಲ್ಲಿ ಕೂರುತ್ತೀರೋ ಅದೂ ಗೊತ್ತಿಲ್ಲ. ಆದರೆ ವಾರಕ್ಕೊಮ್ಮೆ ಇಡೀ ಊರನ್ನು ದನಕರು ಸಮೇತ ಮಾಯ ಮಾಡಿ, ಏನೂ ಆಗದವರಂತೆ ಕಾಫಿ ಕುಡಿಯುವುದು ಎಲ್ಲರಿಂದ ಆಗುವ ಕೆಲಸವಲ್ಲ. ಅದಕ್ಕಾಗಿ ಮೊದಲು ಒಂದು ನಮಸ್ಕಾರ.

ನಾನು ಚಿತ್ರದುರ್ಗ ತಾಲ್ಲೂಕಿನ ಸಣ್ಣಬೋರನಹಟ್ಟಿಯವಳು, ಮದಕರಿಪುರದಿಂದ ಆಚೆ. ಹಿಟ್ಟಿನ ಗಿರಣಿ ನಡೆಸುತ್ತೇನೆ. ಆದ್ದರಿಂದ ಊರಿನ ಸುದ್ದಿಯೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತದೆ. ನಮ್ಮದು ಮೊದಲು ಪಕ್ಕದ ಊರಿಗೆ ಸೇರಿದ ಬರೀ ಹಟ್ಟಿ. ಕಳೆದ ವರ್ಷ ಸರ್ಕಾರವೇ ಸ್ವತಂತ್ರ ಕಂದಾಯ ಗ್ರಾಮ ಎಂದು ಘೋಷಿಸಿತು. ಪಾಯಸ ಮಾಡಿ ಉಂಡೆವು, ರಸ್ತೆ ಬದಿಯಲ್ಲಿ ಹಸಿರು ಬೋರ್ಡು ನೆಟ್ಟೆವು. ಹೊಳಲ್ಕೆರೆಯ ನಮ್ಮ ಬೀಗರಿಗೂ ಸುದ್ದಿ ಮುಟ್ಟಿತು. ತಮಗೆ ಮಾತ್ರ ಮುಟ್ಟಲಿಲ್ಲ.

ಪೇಟೆಯ ದನದ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ತಾವು ಕೂರಿಸಿರುವ ಸಾಫ್ಟ್‌ವೇರ್ ಇದೆ. ಊರನ್ನು ಆರಿಸಿದರೆ ಅಲ್ಲಿನ ದನಗಳು, ಕಿವಿಗೆ ಚುಚ್ಚಿದ ನಂಬರು, ವಯಸ್ಸು, ಹಾಕಿಸಿದ ಲಸಿಕೆ, ಎಲ್ಲವನ್ನೂ ತೋರಿಸುತ್ತದೆ. ಆಪರೇಟರ್ ಓಬಳೇಶ್ ನಮ್ಮ ಊರನ್ನು ಕೈಯಾರೆ ಸೇರಿಸಿದ. ಭಾನುವಾರ ರಾತ್ರಿ ತಮ್ಮ ಅಪ್‌ಡೇಟ್ ಇಳಿದು, ಇದ್ದದ್ದನ್ನೆಲ್ಲ ಗುಡಿಸಿ ಎಸೆದು, ತಮ್ಮಲ್ಲಿದ್ದುದನ್ನೇ ತಂದು ಸುರಿಯಿತು. ತಮ್ಮಲ್ಲಿ ನಾವಿಲ್ಲ, ಆದ್ದರಿಂದ ಸೋಮವಾರ ಬೆಳಿಗ್ಗೆ ನಾವು ಎಲ್ಲೂ ಇಲ್ಲ. ಓಬಳೇಶ್ ಮತ್ತೆ ಸೇರಿಸಬೇಕು. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು. ಮೇಲಿನವರು ಸೋಮವಾರವಿಡೀ ಮೀಟಿಂಗಿನಲ್ಲಿರುತ್ತಾರೆ. ಸಂಜೆ ನಮ್ಮ ಬಸ್ಸು ಹೊರಟ ಮೇಲೆ ನಮ್ಮೂರಿಗೆ ಜೀವ ಬರುತ್ತದೆ. ಪ್ರತಿ ವಾರವೂ ಇದೇ ಕಥೆ.

‘ಹಾಗಾದರೆ ಬೇರೆ ದಿನ ಹೋಗಿ’ ಎನ್ನುತ್ತೀರಿ. ಸ್ವಾಮೀ, ಸೋಮವಾರ ಬಸವಣ್ಣನ ವಾರ. ಅಂದು ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ರಜೆ ಎಂದರೆ ಹೊಲಕ್ಕೆ ರಜೆ, ಹೊಲಕ್ಕೆ ರಜೆ ಎಂದರೆ ಕೂಲಿಯವರಿಗೂ ರಜೆ. ಪೇಟೆಯ ಕೆಲಸವೆಲ್ಲ ಅಂದೇ. ತಿಂಗಳುಗಟ್ಟಲೆ ಸೋಮವಾರವೇ ಹೋಗಿ ಬರಿಗೈಲಿ ಬಂದ ನಮಗೆ, ಉಳಿದ ದಿನ ನಮ್ಮೂರು ಇರುತ್ತದೆ ಎಂಬುದೇ ತಿಳಿದಿರಲಿಲ್ಲ. ಎತ್ತಿನ ವಾರವನ್ನೇ ಬದಲಿಸೋಣವೇ ಎಂಬ ಮಾತೂ ಗಿರಣಿಯ ಕಟ್ಟೆಯ ಮೇಲೆ ಬಂತು. ನನ್ನ ಗಂಡ ಅಜ್ಜಪ್ಪ, “ಆಗ್ಲಿ, ಆದ್ರೆ ಎತ್ತಿಗೆ ಯಾರು ಹೇಳ್ತೀರಿ? ಸೋಮವಾರ ನೊಗ ತಗಂಡು ಹೋದ್ರೆ ಮಕ ತಿರುಗಿಸ್ಕಂಡು ಮಲಗ್ತೈತೆ” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು.

ದೂರು ಕೊಡಲಿಲ್ಲವೇ? ಕೊಟ್ಟೆವು, ಸೋಮವಾರ ಕೊಟ್ಟೆವು. ತಮ್ಮ ಕಚೇರಿಯವರು ಬುಧವಾರ ನೋಡಿದರು. ‘ಸದರಿ ಗ್ರಾಮವು ಲಭ್ಯವಿರುತ್ತದೆ, ದೂರು ಮುಕ್ತಾಯ’ ಎಂದು ಉತ್ತರ ಬಂತು. ಎಷ್ಟು ಸತ್ಯವಂತರು ನೀವು!

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಬೋರಕ್ಕನ ಕರುವಿನ ವಿಷಯದಲ್ಲಿ ನನಗೆ ನಗು ಬರುತ್ತಿಲ್ಲ. ಬೋರಕ್ಕ ನನ್ನ ಗಿರಣಿಯ ಎದುರು ಮನೆಯವಳು, ಕೂಲಿ ಮಾಡಿ ಬದುಕುವವಳು. ಅವಳ ಹಿಂದಿನ ಹಸು ಗಬ್ಬವಿದ್ದಾಗ ರೋಗ ತಗುಲಿ, ತಿಂಗಳು ತುಂಬುವ ಮೊದಲೇ ಕಂದು ಹಾಕಿತು. ಅಂದು ಅವಳು ಕೊಟ್ಟಿಗೆಯಲ್ಲಿ ಕೂತು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈಗಿನ ಹಸು ಹೆಣ್ಣು ಕರು ಹಾಕಿದೆ. ಆ ರೋಗಕ್ಕೆ ಲಸಿಕೆ ಇದೆ. ಹೆಣ್ಣು ಕರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ, ಎಂಟು ತುಂಬುವುದರೊಳಗೆ ಹಾಕಿಸಬೇಕು. ನಾಲ್ಕು ತುಂಬುತ್ತಲೇ ಬೋರಕ್ಕ ಸೋಮವಾರ ನೋಡಿ ಹೊರಟಳು, ಜೊತೆಗೆ ನಾನೂ ಹೋದೆ.

“ನಿಮ್ಮೂರು ಇಲ್ಲ ಕಣಕ್ಕಾ,” ಎಂದ ಓಬಳೇಶ್.

“ಇಲ್ಲಾಂದ್ರೆ? ಬೆಳಿಗ್ಗೆ ಅಲ್ಲೇ ಮುದ್ದೆ ಉಂಡು ಬಂದೀನಲ್ಲಪ್ಪಾ!” ಎಂದಳು ಬೋರಕ್ಕ.

“ಚಂದ್ರವಳ್ಳಿ ಐತೆ. ಅದಕ್ಕೆ ಸೇರಿಸ್ಲಾ?”

“ಚಂದ್ರವಳ್ಳಿ ಗುಹೆಯಾಗೆ ಕರಾನ ಕಟ್ಟಾಕಾಕೆ ನಂಗೇನು ಹುಚ್ಚಾ?”

ಒಂದು ದಿನದ ಕೂಲಿ ಬಿಟ್ಟು ಮರುದಿನ ಮತ್ತೆ ಹೋದಳು. ಊರು ಇತ್ತು. ಆದರೆ ಕರು ಹಿಂದಿನ ದಿನವಷ್ಟೇ ಹುಟ್ಟಿತ್ತು! ದೊಡ್ಡ ದನಗಳ ನಂಬರು ಹಳೇ ಊರಿನ ಕಾಲದಿಂದ ತಮ್ಮಲ್ಲಿದೆ. ಊರು ಸೇರಿಸಿದರೆ ಅವು ಹಿಂದೆಯೇ ಬಂದು ಸೇರಿಕೊಳ್ಳುತ್ತವೆ. ಕರು ತಮ್ಮಲ್ಲಿಲ್ಲ. ಅದನ್ನು ಪ್ರತಿ ಸಲ ಹೊಸದಾಗಿ ಹುಟ್ಟಿಸಬೇಕು. ಹುಟ್ಟಿದ ದಿನ ಎಂಬಲ್ಲಿ ತಮ್ಮ ಸಾಫ್ಟ್‌ವೇರ್ ಅಂದಿನ ತಾರೀಖನ್ನು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಹೀಗಾಗಿ ಬೋರಕ್ಕನ ಕರು ಸೋಮವಾರ ಸಂಜೆ ಹುಟ್ಟಿ, ಭಾನುವಾರ ರಾತ್ರಿ ಇಲ್ಲವಾಗಿ, ಮತ್ತೆ ಸೋಮವಾರ ಹುಟ್ಟುತ್ತಿದೆ. ಪುನರ್ಜನ್ಮವನ್ನು ಇಷ್ಟು ಶಿಸ್ತಿನಿಂದ ನಡೆಸುವ ಇಲಾಖೆ ಬೇರೆ ಯಾವುದಿದೆ?

ಡಾಕ್ಟರು ಒಳ್ಳೆಯವರು. ಊರಿಗೇ ಬಂದು ನೋಡಿದರು. ಕರು ಅವರ ಬೂಟು ತುಳಿದು, ಅಂಗಿಯ ತುದಿಯನ್ನು ಬಾಯಿಗೆ ಹಾಕಿಕೊಂಡಿತು. “ಇದು ನಿನ್ನೆ ಹುಟ್ಟಿದ್ದಲ್ಲ ಅಂತ ನನಗೂ ಕಾಣ್ತೈತಮ್ಮಾ. ಆದ್ರೆ ವಯಸ್ಸು ಒಪ್ಪದೆ ನಂಬರು ಬರಲ್ಲ, ನಂಬರಿಲ್ದೆ ಲಸಿಕೆ ತೆಗೆಯಂಗಿಲ್ಲ” ಎಂದರು. ಬೋರಕ್ಕ ಕರುವಿನ ಕೋಡು ಮೊಳೆಯುತ್ತಿದ್ದ ಜಾಗವನ್ನು ಸವರುತ್ತಾ, “ಕರ ಬೆಳೀತೈತಲ್ರೀ, ಅದ್ಕೆ ನಿಲ್ಲು ಅನ್ನಾಕಾಯ್ತದಾ?” ಎಂದಳು. ಇದಕ್ಕೆ ಉತ್ತರ ಕೊಡಬೇಕಾದವರು ತಾವು. ತಮ್ಮ ಬಳಿ ಇದೆಯೇ?

ನನ್ನ ಗಿರಣಿಯಲ್ಲಿ ಒಂದು ಕ್ರಮವಿದೆ. ಹಿಂದಿನವರ ಹಿಟ್ಟು ಪೂರ್ತಿ ಇಳಿದು ಅವರ ಡಬ್ಬಿಗೆ ಬೀಳುವವರೆಗೆ ಮುಂದಿನವರ ಕಾಳು ಸುರಿಯುವುದಿಲ್ಲ. ಸುರಿದರೆ ಬೋರಕ್ಕನ ರಾಗಿ ಯಾರದೋ ಜೋಳದ ಜೊತೆ ಹೋಗುತ್ತದೆ, ಅವಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ತಾವು ಮಾಡಬೇಕಾದದ್ದೂ ಅಷ್ಟೇ. ಓಬಳೇಶ್ ವಾರವಿಡೀ ಬರೆದದ್ದನ್ನು ಮೊದಲು ತಮ್ಮಲ್ಲಿಗೆ ತೆಗೆದುಕೊಳ್ಳಿ, ಆಮೇಲೆ ತಮ್ಮದನ್ನು ಸುರಿಯಿರಿ. ಹಿರಿಯೂರು, ಹೊಸದುರ್ಗದ ಕಡೆಯೂ ನಮ್ಮಂಥ ಹೊಸ ಊರುಗಳಿವೆ. ಅವರ ಎತ್ತುಗಳಿಗೂ ಸೋಮವಾರವೇ ರಜೆ. ಬರೀ ಕೊಡುತ್ತಲೇ ಇದ್ದು ಏನನ್ನೂ ಕೇಳಿಸಿಕೊಳ್ಳದಿರುವುದಕ್ಕೆ ತಾವು ಅಪ್‌ಡೇಟ್ ಎಂದು ಹೆಸರಿಟ್ಟಿದ್ದೀರಿ. ನಮ್ಮ ಕಡೆ ಅದನ್ನು ಮೊಂಡುತನ ಎನ್ನುತ್ತೇವೆ.

ಸೋಮವಾರ ಇಲ್ಲದೆ ನಾವು ಇಷ್ಟು ದಿನ ಬದುಕಿದ್ದೇವೆ, ಇನ್ನೂ ಸ್ವಲ್ಪ ದಿನ ಬೇಕಾದರೆ ಬದುಕುತ್ತೇವೆ. ಆದರೆ ಕರುವಿಗೆ ಏಳು ತಿಂಗಳು ತುಂಬಿ ಎಂಟು ನಡೆಯುತ್ತಿದೆ. ಬರುವ ಭಾನುವಾರ ಏನು ಬೇಕಾದರೂ ಅಳಿಸಿ, ಅದನ್ನೊಂದು ಬಿಡಿ, ಅದು ನಿಜವಾಗಿ ಹುಟ್ಟಿದ ತಾರೀಖನ್ನು ಬರೆಯಲೂ ಬಿಡಿ. ಕೊಟ್ಟಿಗೆಯಲ್ಲಿ ಬೆಳೆದಷ್ಟು ಅದು ತಮ್ಮ ಕಂಪ್ಯೂಟರಿನಲ್ಲೂ ಬೆಳೆಯಲಿ.

ಇಂತಿ,
ಬುಧವಾರ ಬರೆಯುತ್ತಿರುವುದರಿಂದ ಸದ್ಯಕ್ಕೆ ಇರುವ,
ಸರ್ವಮಂಗಳ
ಹಿಟ್ಟಿನ ಗಿರಣಿ, ಸಣ್ಣಬೋರನಹಟ್ಟಿ
(ಉತ್ತರವನ್ನು ದಯವಿಟ್ಟು ಸೋಮವಾರ ಕಳಿಸಬೇಡಿ)