ಅಣ್ಣನ ದವಡೆಗೆ ಅನ್ವಯಿಸದ ಸುತ್ತೋಲೆ

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತ ಮಾನ್ಯರೇ,

ಮಾನಸಿಕ ರೋಗಿಗಳ ಮೈಯಲ್ಲಿ ರಕ್ತ ಇರುತ್ತದೆಯೇ ಎಂಬ ಬಗ್ಗೆ ನಿಮ್ಮ ಇಲಾಖೆ ಇನ್ನೂ ತೀರ್ಮಾನಕ್ಕೆ ಬಂದಂತಿಲ್ಲ. ನನ್ನ ಅಣ್ಣ ಮಾಲತೇಶನಿಗೆ ಇದೆ, ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಪರೀಕ್ಷಿಸಲು ನಿಮ್ಮ ಆಸ್ಪತ್ರೆ ಒಪ್ಪಲಿಲ್ಲ ಎಂಬುದೇ ನನ್ನ ದೂರು.

ಅಣ್ಣ ಅಂಜನಾಪುರದ ನಾಲೆಯಲ್ಲಿ ಗದ್ದೆಗಳಿಗೆ ನೀರು ಬಿಡುವವನು. ಹನ್ನೊಂದು ವರ್ಷದಿಂದ ಸ್ಕಿಜೋಫ್ರೀನಿಯಾ. ಇಲ್ಲದ ಧ್ವನಿಗಳು ಕೇಳುತ್ತವೆ. ಮಾತ್ರೆ ನುಂಗಿ, ಆ ಧ್ವನಿಗಳಿಗೆ "ಆಮೇಲೆ ಬರ್ರಿ, ಈಗ ತೂಬು ಎತ್ತಬೇಕು" ಎಂದು ಹೇಳಿ ಕಳಿಸಿ, ಆರು ವರ್ಷ ಕೆಲಸ ತಪ್ಪಿಸದೆ ಬದುಕಿದ್ದ. ಕಳೆದ ಆಷಾಢದಲ್ಲಿ ಊಟ ಬಿಟ್ಟ. "ಸಂಘೂ, ದವಡೆ ಒಳಗೆ ಯಾರೋ ಕುಂತು ಬೈತಾರೆ" ಎಂದ. ನಿಮ್ಮವರು 'ಭ್ರಮೆ ಹೆಚ್ಚಿದೆ' ಎಂದು ಬರೆದು ಮಾತ್ರೆ ಏರಿಸಿದರು. ಬಾಯಿ ತೆರೆಸಿ ನೋಡಲಿಲ್ಲ. ಜೊತೆಗಿದ್ದ ನಾನೂ ನೋಡಲಿಲ್ಲ. ಅವನು ಏನಂದರೂ ತಲೆಯಾಡಿಸಿ ಸುಮ್ಮನಾಗುವುದು ನನಗೆ ಅಷ್ಟು ರೂಢಿಯಾಗಿತ್ತು. ನನ್ನ ಮೇಲೂ ಕ್ರಮ ಜರುಗಿಸಬಹುದು.

ಮೂರನೇ ವಾರ ಮಾನಸಿಕ ಆರೋಗ್ಯ ಶಿಬಿರಕ್ಕೆ ಹೊರಗಿನಿಂದ ಬಂದ ವೈದ್ಯೆಯೊಬ್ಬರು ಅವನ ಬಾಯಿಗೆ ಟಾರ್ಚ್ ಬಿಟ್ಟರು. ಕೊನೆಯ ಹಲ್ಲಿನ ಬುಡದಲ್ಲಿ ಕೀವು. "ಮೈಯಲ್ಲಿ ಉರಿಯೂತ ಎದ್ದರೆ ಕೆಲವರಲ್ಲಿ ಈ ಕಾಯಿಲೆ ಕೆರಳಬಹುದು ಅಂತ ಸಂಶೋಧನೆ ನಡೀತಿದೆ. ಇವರಲ್ಲಿ ಅದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ನೋಡದೆ ಬಿಡೋಕೂ ಆಗಲ್ಲ" ಎಂದು ರಕ್ತಪರೀಕ್ಷೆಗೆ ಚೀಟಿ ಬರೆದರು.

ಲ್ಯಾಬಿನವರು ಗೋಡೆಗೆ ಅಂಟಿಸಿದ್ದ ನಿಮ್ಮ ಸುತ್ತೋಲೆ ತೋರಿಸಿದರು: ಮಾನಸಿಕ ಶಿಬಿರದ ಚೀಟಿಗಳಿಗೆ ರಕ್ತಪರೀಕ್ಷೆ ಅನ್ವಯಿಸುವುದಿಲ್ಲ. "ಹಲ್ಲಿನ ಡಾಕ್ಟ್ರ ಹತ್ರ ಬರೆಸ್ಕೊಂಡು ಬರ್ರಿ ಮೇಡಂ" ಎಂದರು, ಪಾಪ, ಸಂಕೋಚದಿಂದಲೇ. ಹಲ್ಲಿನ ವಿಭಾಗದವರು ಅಣ್ಣನ ಚಿಕಿತ್ಸೆಯ ಪುಸ್ತಕ ನೋಡಿ, "ಮೆಂಟಲ್ ಕೇಸು, ಅಲ್ಲಿಗೇ ಹೋಗ್ರಿ" ಎಂದರು. ದವಡೆ ಹಿಡಿದುಕೊಂಡಿದ್ದ ಅಣ್ಣ ಕೇಳಿದ: "ನಾನು ಯಾವ ಸಾಲಿಗೆ ಸೇರಿದೋನು?" ಹನ್ನೊಂದು ವರ್ಷದಲ್ಲಿ ಇಷ್ಟು ಸ್ವಸ್ಥವಾದ ಪ್ರಶ್ನೆಯನ್ನು ಆ ಕಟ್ಟಡದಲ್ಲಿ ಬೇರೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಸಂಜೆ ಜ್ವರ ಏರಿತು. ನನ್ನ ಮನೆಯಿರುವ ಸೊರಬಕ್ಕೆ ಕರೆತಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಉರಿಯೂತದ ಅಂಕಿ ಇರಬೇಕಾದ್ದಕ್ಕಿಂತ ಹದಿನಾಲ್ಕು ಪಟ್ಟು. ಇನ್ನೆರಡು ದಿನ ತಡವಾಗಿದ್ದರೆ ನಂಜು ಕುತ್ತಿಗೆಗೆ ಇಳಿಯುತ್ತಿತ್ತಂತೆ. ಹಲ್ಲು ಕೀಳಿಸಿ, ನಂಜಿಗೆ ಔಷಧಿ ಕೊಟ್ಟ ಮೇಲೆ ಐದನೇ ದಿನ ಗಂಜಿ ಕುಡಿದ. ತಿಂಗಳಲ್ಲಿ ಧ್ವನಿಗಳು ಮೊದಲಿನ ಮಟ್ಟಕ್ಕೆ ಇಳಿದವು. ಕಾಯಿಲೆ ವಾಸಿಯಾಯಿತು ಎಂದು ನಾನು ಹೇಳುತ್ತಿಲ್ಲ. ಹಳೆಯ ಮಾತ್ರೆ ನಿಂತಿಲ್ಲ, ನಿಲ್ಲಿಸಲೂ ಬಾರದು. ಅವನು ನಾಲೆಗೆ ಹೋಗುತ್ತಿದ್ದಾನೆ, ಅಷ್ಟೇ.

ನನ್ನ ಬೇಡಿಕೆ ಚಿಕ್ಕದು. ಆ ಸುತ್ತೋಲೆಯನ್ನು ಗೋಡೆಯಿಂದ ತೆಗೆಸಿ. ಮನಸ್ಸಿನ ಕಾಯಿಲೆ ಇರುವವರು ನೋವು ಎಂದರೆ ಮೊದಲು ಮೈ ಮುಟ್ಟಿ ನೋಡಬೇಕೆಂದು ಲಿಖಿತ ಆದೇಶ ಕೊಡಿ.

ಮೊನ್ನೆ ಹೊಸಬಾಳೆಯ ಯಮುನಮ್ಮ ಎಂಬುವರು ನಿಮ್ಮ ಆಸ್ಪತ್ರೆಯ ಅದೇ ಲ್ಯಾಬಿನ ಮುಂದೆ ಸಿಕ್ಕಿದರು. ಮಗಳಿಗೆ ಅಣ್ಣನದೇ ಕಾಯಿಲೆ, ಒಂಬತ್ತು ದಿನದಿಂದ ಜ್ವರ, ಕೈಯಲ್ಲಿ ವಾಪಸಾದ ಚೀಟಿ. "ಸೋಮವಾರ ಮತ್ತೆ ಕರ್ಕೊಂಡು ಬರ್ಲೇನವ್ವಾ, ಮಾಡ್ತಾರಾ?" ಎಂದು ಕೇಳಿದರು. ಬನ್ನಿ ಎಂದುಬಿಟ್ಟೆ.

ಇಂತಿ,
ನಿಮ್ಮನ್ನು ಕೇಳದೆ ನಿಮ್ಮ ಪರವಾಗಿ ಮಾತು ಕೊಟ್ಟಿರುವ
ಸಂಘಮಿತ್ರಾ, ಸೊರಬ